ಹೆಸರಿನ ಮುಂದಿನ ಅಕ್ಷರಗಳು: ಕಿರಿಯ ಮೌಲ್ಯಮಾಪಕನಿಗೊಂದು ಪತ್ರ

ಪ್ರೀತಿಯ ಕಿರಿಯ ಮಿತ್ರನಿಗೆ,

ಸಿಎ ಮುಗಿಸಿದ್ದೀಯ, ಕೆಲಸದ ಅನುಭವವೂ ಆಗಿದೆ, ಇನ್ನು ಉದ್ಯಮಗಳ ಮೌಲ್ಯಮಾಪನವನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿದ್ದೀಯ. ಯಾವ ಪರೀಕ್ಷೆ ಕಟ್ಟಬೇಕು, ಹೆಸರಿನ ಮುಂದೆ ಯಾವ ಅಕ್ಷರಗಳನ್ನು ಸೇರಿಸಿಕೊಳ್ಳಬೇಕು ಎಂಬ ಗೊಂದಲ ಸಹಜವೇ. ನಮ್ಮಲ್ಲಿ ದಿವಾಳಿ ಪ್ರಕ್ರಿಯೆಗಳ ನಿಯಂತ್ರಕ ಮಂಡಳಿಯಾದ ಐಬಿಬಿಐಯ ನೋಂದಣಿ, ಅಮೆರಿಕದಲ್ಲಿ ಎಬಿವಿ, ಎಎಸ್‌ಎ, ಸಿವಿಎ, ಕೆನಡಾದಲ್ಲಿ ಸಿಬಿವಿ, ಇವೆಲ್ಲದರ ಜೊತೆಗೆ ಸಿಎಫ್‌ಎ. ಪಾಸಾಗುವುದು ಎಷ್ಟು ಕಷ್ಟ, ಪಾಸಾದರೆ ಸಂಬಳ ಎಷ್ಟು ಏರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀನು ಮೊದಲು ಬೇರೊಂದು ಪ್ರಶ್ನೆ ಕೇಳಬೇಕೆಂದು ನನ್ನ ಆಸೆ: ಈ ಅರ್ಹತೆಯನ್ನು ನನ್ನಿಂದ ಕಿತ್ತುಕೊಳ್ಳುವ ಅಧಿಕಾರ ಯಾರಿಗಿದೆ, ಯಾವ ತಪ್ಪಿಗೆ ಕಿತ್ತುಕೊಳ್ಳುತ್ತಾರೆ? ಇದಕ್ಕೆ ಖಚಿತ ಉತ್ತರ ಇರುವ ಅರ್ಹತೆಗಷ್ಟೇ ನಮ್ಮ ಕಸುಬಿನಲ್ಲಿ ನಿಜವಾದ ತೂಕ. ಮಿಕ್ಕವು ಓದಿದ್ದಕ್ಕೆ ಸಾಕ್ಷಿ, ಅಷ್ಟೇ.

ಹೀಗೆ ಹೇಳಲು ಕಾರಣ ಈ ಕಸುಬಿನ ಸ್ವಭಾವದಲ್ಲೇ ಇದೆ. ಸೇತುವೆ ಕಟ್ಟಿದ ಎಂಜಿನಿಯರನ ಲೆಕ್ಕ ತಪ್ಪಿದ್ದರೆ ಸೇತುವೆಯೇ ಹೇಳುತ್ತದೆ. ಮೌಲ್ಯಮಾಪಕನ ಅಂಕಿಗೆ ಅಂಥ ಪರೀಕ್ಷೆ ಇಲ್ಲ. ಒಂದು ಕಂಪನಿಯ ಮುಂದಿನ ಐದು ವರ್ಷದ ನಗದು ಹರಿವನ್ನು ಅಂದಾಜಿಸಿ, ಬಡ್ಡಿ ಮತ್ತು ಅಪಾಯದ ದರದಲ್ಲಿ ಇಳಿಸಿ, ಐದನೇ ವರ್ಷದಾಚೆಗಿನದಕ್ಕೆಲ್ಲ ಒಂದು ಬೆಳವಣಿಗೆ ದರ ಹಿಡಿದರೆ ಮೊತ್ತ ಬಂತು. ಆ ಬೆಳವಣಿಗೆ ದರವನ್ನು ಶೇಕಡಾ 4ರಿಂದ 5ಕ್ಕೆ ಏರಿಸಿದರೆ ಮೊತ್ತ ಎಷ್ಟು ಹಿಗ್ಗುತ್ತದೆಂಬುದನ್ನು ಒಮ್ಮೆ ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡು. ಇಳಿಕೆ ದರ ಶೇಕಡಾ 14 ಎಂದಿಟ್ಟುಕೊಂಡರೆ, ಐದನೇ ವರ್ಷದಾಚೆಗಿನ ಭಾಗವೊಂದೇ ಶೇಕಡಾ ಹನ್ನೆರಡರಷ್ಟು ಏರುತ್ತದೆ. ಎರಡೂ ದರಗಳನ್ನು ಪ್ರಾಮಾಣಿಕವಾಗಿಯೇ ಸಮರ್ಥಿಸಬಹುದು. ನಮ್ಮ ದಿವಾಳಿ ಕಾನೂನು ಈ ಸತ್ಯವನ್ನು ಮುಚ್ಚಿಡದೆ ಒಪ್ಪಿಕೊಂಡಿದೆ. ದಿವಾಳಿ ಪರಿಹಾರದ ಪ್ರಕ್ರಿಯೆಗೆ ಬಂದ ಕಂಪನಿಗೆ ಒಬ್ಬರಲ್ಲ, ಇಬ್ಬರು ನೋಂದಾಯಿತ ಮೌಲ್ಯಮಾಪಕರನ್ನು ನೇಮಿಸಬೇಕು. ಅವರ ಅಂದಾಜುಗಳ ನಡುವೆ ಶೇಕಡಾ 25ರಷ್ಟು ಅಂತರ ಬಂದರೆ ಮಾತ್ರ ಅದು ಗಮನಿಸಬೇಕಾದ ವ್ಯತ್ಯಾಸ. ಆಗ ಮೂರನೆಯವರನ್ನು ಕರೆಯಬಹುದು, ಪರಸ್ಪರ ಹತ್ತಿರವಿರುವ ಎರಡು ಅಂಕಿಗಳ ಸರಾಸರಿಯನ್ನು ಹಿಡಿಯುತ್ತಾರೆ. ಅಂದರೆ ಕಾನೂನು ನಿನ್ನಿಂದ ಒಂದೇ ಒಂದು ಸರಿಯುತ್ತರವನ್ನು ಬಯಸುತ್ತಿಲ್ಲ. ನಿನ್ನ ಉತ್ತರ ಯಾಕೆ ಹಾಗಿದೆ ಎಂದು ನೀನು ನಿಂತು ಹೇಳಬೇಕು, ಸುಳ್ಳಾಗಿದ್ದರೆ ಬೆಲೆ ತೆರಬೇಕು, ಇಷ್ಟನ್ನು ಬಯಸುತ್ತದೆ.

2013ರ ಕಂಪನಿ ಕಾಯ್ದೆಯ 247ನೇ ಕಲಮು ಇದನ್ನೇ ಹಿಡಿದು ಹೊರಟಿದೆ. ಅದರ ಕೆಳಗೆ 2017ರ ಅಕ್ಟೋಬರಿನಲ್ಲಿ ನಿಯಮಗಳು ಬಂದವು, ಐಬಿಬಿಐಗೆ ಮೇಲ್ವಿಚಾರಣೆ ಒಪ್ಪಿಸಲಾಯಿತು, ಆಸ್ತಿಗಳನ್ನು ಮೂರು ವರ್ಗ ಮಾಡಲಾಯಿತು: ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಹಾಗೂ ಹಣಕಾಸು ಆಸ್ತಿ. ನಿನ್ನದು ಮೂರನೆಯದು. ಸಿಎ, ಸಿಎಸ್, ಕಾಸ್ಟ್ ಅಕೌಂಟೆಂಟ್ ಅಥವಾ ಹಣಕಾಸಿನಲ್ಲಿ ಎಂಬಿಎ ಆಗಿ ಮೂರು ವರ್ಷ ದುಡಿದವರು ಒಂದು ಮೌಲ್ಯಮಾಪಕರ ಸಂಸ್ಥೆಯ ಸದಸ್ಯರಾಗಿ, 50 ಗಂಟೆಗಳ ತರಗತಿ ಮುಗಿಸಿ, ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದು ಶೇಕಡಾ 60 ಅಂಕ ತೆಗೆಯಬೇಕು. ತಪ್ಪುತ್ತರಕ್ಕೆ ಅಂಕ ಕಳೆಯುತ್ತಾರೆ. ಬಹಳ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ನೀನು ಮುಂದಿನ ಪುಟಗಳನ್ನು ಓದು. ಮೌಲ್ಯ ಕಟ್ಟಬೇಕಾದ ಆಸ್ತಿಯಲ್ಲಿ ನೇಮಕಕ್ಕೆ ಹಿಂದಿನ ಮೂರು ವರ್ಷ ನಿನಗೆ ಹಿತಾಸಕ್ತಿ ಇದ್ದಿರಬಾರದು, ಕೆಲಸ ಮುಗಿದ ಮೇಲಿನ ಮೂರು ವರ್ಷವೂ ಬರಬಾರದು. ವ್ಯವಹಾರ ಕುದುರಿದರೆ ಮಾತ್ರ ಶುಲ್ಕ ಎಂಬ ಕರಾರು ಸಲ್ಲದು. ಕಕ್ಷಿದಾರನ ಅನುಕೂಲಕ್ಕೆ ತಕ್ಕ ಮೌಲ್ಯ ಕಟ್ಟಿಕೊಡುವುದನ್ನು ನಡತೆಯ ಸಂಹಿತೆ ಹೆಸರು ಹಿಡಿದೇ ನಿಷೇಧಿಸಿದೆ. ವಂಚಿಸುವ ಉದ್ದೇಶ ಸಾಬೀತಾದರೆ ಒಂದು ವರ್ಷದವರೆಗೆ ಜೈಲು, ಪಡೆದ ಶುಲ್ಕ ವಾಪಸು, ನಷ್ಟವಾದವರಿಗೆ ಪರಿಹಾರ. ನೋಂದಣಿಯನ್ನು ಅಮಾನತಿನಲ್ಲಿಡುವುದಕ್ಕೂ ರದ್ದುಮಾಡುವುದಕ್ಕೂ ಐಬಿಬಿಐಗೆ ಅಧಿಕಾರವಿದೆ. ನಾನು ಹೇಳಿದ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರ ಸಿಗುತ್ತದೆ.

ಐವತ್ತು ಗಂಟೆಯ ಕ್ಲಾಸಿನಿಂದ ಯಾರು ಪರಿಣತರಾಗುತ್ತಾರೆ ಎಂದು ನೀನು ಕೇಳುವೆ. ಯಾರೂ ಆಗುವುದಿಲ್ಲ. ಈ ಟೀಕೆ ನ್ಯಾಯವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರ ನೇಮಿಸಿದ ಎಂ.ಎಸ್. ಸಾಹೂ ಅಧ್ಯಕ್ಷತೆಯ ತಜ್ಞರ ಸಮಿತಿಯೇ 2020ರಲ್ಲಿ ಮೌಲ್ಯಮಾಪಕರಿಗೆ ಪ್ರತ್ಯೇಕ ಕಾನೂನು, ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಬೇಕೆಂದು ಹೇಳಿ ಮಸೂದೆಯ ಕರಡನ್ನೂ ಕೊಟ್ಟಿತು. ಆದರೆ ಜ್ಞಾನದ ಕೊರತೆಯನ್ನು ನೀನೇ ತುಂಬಿಕೊಳ್ಳಬಹುದು. ಸಿಎಫ್‌ಎ ಓದು, ಬೇರೆಯವರ ವರದಿಗಳನ್ನು ಓದು, ಕೈಗಾರಿಕೆಯೊಂದನ್ನು ಆರಿಸಿಕೊಂಡು ಅದರ ಒಳಹೊರಗು ತಿಳಿ. ಹೊಣೆಯನ್ನು ಮಾತ್ರ ಹಾಗೆ ಮನೆಯಲ್ಲಿ ಕೂತು ಸಂಪಾದಿಸಲು ಬರುವುದಿಲ್ಲ. ಅದನ್ನು ಹೊರಗಿನವರು ಹೊರಿಸಬೇಕು.

ಹೊಣೆ ಹೊರಿಸದಿದ್ದ ಕಾಲ ಹೇಗಿತ್ತು ಎಂಬುದಕ್ಕೆ ಹಿಂದೂಸ್ತಾನ್ ಲಿವರ್ ಮತ್ತು ಟಾಟಾ ಆಯಿಲ್ ಮಿಲ್ಸ್ (ಟಾಮ್ಕೋ) ವಿಲೀನದ ಪ್ರಕರಣ ನೋಡು. ಟಾಮ್ಕೋದ 15 ಷೇರಿಗೆ ಲಿವರಿನ 2 ಷೇರು ಎಂದು ನಿಗದಿಯಾಗಿತ್ತು. ಈ ಅನುಪಾತವನ್ನು ಹೇಳಿದ ಲೆಕ್ಕಪರಿಶೋಧಕರು ಟಾಮ್ಕೋದ ನಿರ್ದೇಶಕರೂ ಆಗಿದ್ದರು. ಸುಪ್ರೀಂ ಕೋರ್ಟು 1994ರಲ್ಲಿ ವಿಲೀನವನ್ನು ಎತ್ತಿಹಿಡಿಯಿತು: ಲೆಕ್ಕದಲ್ಲಿ ಒಪ್ಪಿತ ವಿಧಾನಗಳನ್ನೇ ಬಳಸಿದ್ದರು, ಷೇರುದಾರರಲ್ಲಿ ಬಹುಪಾಲು ಜನ ಒಪ್ಪಿದ್ದರು. ಆ ಲೆಕ್ಕಪರಿಶೋಧಕರು ನಿಷ್ಪಕ್ಷಪಾತವಾಗಿಯೇ ಲೆಕ್ಕ ಹಾಕಿರಬಹುದು. ಅದನ್ನು ಅನುಮಾನಿಸುವುದು ನನ್ನ ಉದ್ದೇಶವಲ್ಲ. ಆದರೆ ಅಂದು ಆ ಲೆಕ್ಕಕ್ಕೆ ವೃತ್ತಿಯ ಘನತೆಯೊಂದೇ ಜಾಮೀನು. ಇಂದು ಅದೇ ಸ್ಥಾನದಲ್ಲಿರುವವರು ಕಂಪನಿ ಕಾಯ್ದೆಯ ಮೌಲ್ಯಮಾಪನ ವರದಿಗೆ ಸಹಿ ಹಾಕುವಂತಿಲ್ಲ. ಪರಿಣತಿಯಲ್ಲಿ ವ್ಯತ್ಯಾಸವಾಗಿಲ್ಲ, ಕಟ್ಟುಪಾಡಿನಲ್ಲಿ ಆಗಿದೆ.

ನ್ಯಾಯಾಲಯಗಳು ತಜ್ಞರ ಅಂಕಿಯನ್ನು ಕೆದಕುವುದೇ ಅಪರೂಪ, ಮತ್ತೆ ಈ ಹೊಣೆ ಕಾಗದದ ಮೇಲಿನದಲ್ಲವೇ ಎಂದೂ ಕೇಳಬಹುದು. 1996ರ ಮಿಹೀರ್ ಮಫತ್‌ಲಾಲ್ ತೀರ್ಪಿನ ನಂತರವಂತೂ ಷೇರು ವಿನಿಮಯದ ಅನುಪಾತದ ಮೇಲೆ ನ್ಯಾಯಾಲಯ ಮೇಲ್ಮನವಿ ಕೇಳುವ ಹಾಗೆ ಕೂರುವುದಿಲ್ಲ ಎಂಬುದು ಗಟ್ಟಿಯಾಗಿದೆ. ನನಗೆ ಕಾಣುವುದು ಇದರ ತಿರುವುಮುರುವು. ನ್ಯಾಯಾಧೀಶರು ಅಂಕಿಯೊಳಗೆ ಇಳಿಯುವುದಿಲ್ಲವಾದ್ದರಿಂದಲೇ ಅವರು ನೋಡುವುದು ಅಂಕಿಯ ಹಿಂದಿರುವ ಮನುಷ್ಯನನ್ನು: ಸಹಿ ಹಾಕಲು ಇವನಿಗೆ ಅಧಿಕಾರ ಇತ್ತೇ, ಹಿತಾಸಕ್ತಿ ಇತ್ತೇ, ದಾಖಲೆ ನೋಡಿದ್ದನೇ? ಸಣ್ಣ ಷೇರುದಾರನಿಗೂ ಬ್ಯಾಂಕಿಗೂ ಇದಕ್ಕಿಂತ ಬೇರೆ ಆಸರೆ ಇಲ್ಲ.

ಇನ್ನು ವಿದೇಶದ ಅಕ್ಷರಗಳು. ಅಮೆರಿಕದಲ್ಲಿ ಮನೆ-ಜಮೀನಿಗೆ ಬೆಲೆ ಕಟ್ಟುವವರಿಗೆ ರಾಜ್ಯಗಳ ಪರವಾನಗಿ ಇದೆ. ಉಳಿತಾಯ ಸಂಸ್ಥೆಗಳು ಕುಸಿದ ಮೇಲೆ 1989ರ ಕಾನೂನು ಅದನ್ನು ತಂದಿತು. ಉದ್ಯಮಗಳಿಗೆ ಬೆಲೆ ಕಟ್ಟುವವರಿಗೆ ಅಂಥ ಪರವಾನಗಿ ಇಲ್ಲ. ಅಲ್ಲಿರುವುದು ಖಾಸಗಿ ಸಂಘಗಳು ಕೊಡುವ ಹಲವು ಪದವಿಗಳು. 2011ರ ಡಿಸೆಂಬರಿನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರ ಅಧಿಕಾರಿ ಪಾಲ್ ಬೆಸ್ವಿಕ್ ಲೆಕ್ಕಪರಿಶೋಧಕರ ಸಮ್ಮೇಳನದಲ್ಲಿಯೇ ಈ ಚದುರಿದ ಸ್ಥಿತಿಯನ್ನು ಎತ್ತಿ ಆಡಿದರು. ಅಷ್ಟಾದರೂ ಎಲ್ಲ ಪದವಿಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ. ಎಎಸ್‌ಎ ಐದು ವರ್ಷದ ಪೂರ್ಣಾವಧಿ ಅನುಭವ ಕೇಳುತ್ತದೆ, ನೀನು ಬರೆದ ವರದಿಯನ್ನೇ ತರಿಸಿ ಸಹವೃತ್ತಿಯವರಿಂದ ಪರಿಶೀಲಿಸುತ್ತದೆ. ವಾರಾಂತ್ಯದ ತರಬೇತಿ, ಕೊನೆಗೊಂದು ರಸಪ್ರಶ್ನೆ, ಅಂಚೆಯಲ್ಲಿ ಪ್ರಮಾಣಪತ್ರ ಎಂಬಂಥವೂ ಮಾರುಕಟ್ಟೆಯಲ್ಲಿವೆ. ಅವುಗಳಿಂದ ದೂರ ಇರು. ಟೊರಾಂಟೊಗೋ ನ್ಯೂಜೆರ್ಸಿಗೋ ಹೋಗುವ ಯೋಚನೆ ಇದ್ದರೆ ಅಲ್ಲಿ ನಡೆಯುವುದನ್ನು ಮಾಡಿಕೊ. ಇಲ್ಲಿರುವವನಾದರೆ ಮೊದಲು ಇಲ್ಲಿಯ ನೋಂದಣಿ.

ನಮ್ಮ ಮನೆಯೂ ಅಷ್ಟೇನೂ ಒಪ್ಪವಾಗಿಲ್ಲ ಎನ್ನುವುದನ್ನು ಹೇಳದಿದ್ದರೆ ತಪ್ಪಾದೀತು. ಬೆಂಗಳೂರಿನ ಒಂದು ಸ್ಟಾರ್ಟಪ್ಪು ಸಿಂಗಪುರದ ಹೂಡಿಕೆದಾರನಿಗೆ ಆದ್ಯತೆಯ ಮೇಲೆ ಷೇರು ಕೊಡುತ್ತದೆ ಎಂದುಕೊ. ಕಂಪನಿ ಕಾಯ್ದೆಗೆ ನೋಂದಾಯಿತ ಮೌಲ್ಯಮಾಪಕನ ವರದಿ ಬೇಕು. ವಿದೇಶಿ ವಿನಿಮಯದ ನಿಯಮಕ್ಕೆ ಸಿಎ, ಕಾಸ್ಟ್ ಅಕೌಂಟೆಂಟ್ ಅಥವಾ ಮರ್ಚೆಂಟ್ ಬ್ಯಾಂಕರ್ ಆದರೂ ನಡೆಯುತ್ತದೆ. ಆದಾಯ ತೆರಿಗೆಯವರು 2018ರಲ್ಲಿ ನಗದು ಹರಿವಿನ ವಿಧಾನದಿಂದ ಸಿಎಗಳನ್ನು ಕೈಬಿಟ್ಟು ಮರ್ಚೆಂಟ್ ಬ್ಯಾಂಕರನ್ನಷ್ಟೇ ಉಳಿಸಿಕೊಂಡಿದ್ದರು. ಷೇರಿನ ನ್ಯಾಯಬೆಲೆಗಿಂತ ಹೆಚ್ಚಾಗಿ ಪಡೆದ ಹಣದ ಮೇಲೆ ಬೀಳುತ್ತಿದ್ದ ಏಂಜಲ್ ತೆರಿಗೆ 2024ರ ಬಜೆಟ್ಟಿನಲ್ಲಿ ರದ್ದಾದ ಮೇಲೆ ಆ ತಲೆನೋವು ಬಹುಮಟ್ಟಿಗೆ ಹೋಯಿತು. ಅಲ್ಲಿಯವರೆಗೆ ಒಂದೇ ಷೇರಿಗೆ ಮೂರು ಇಲಾಖೆ, ಮೂರು ಬಗೆಯ ಅರ್ಹತೆ; ಈಗಲೂ ಕಾಯ್ದೆಗೊಂದು ಅರ್ಹತೆ. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗ ಯಾವ ಕಾಯ್ದೆಗೆ, ಯಾವ ದಿನಾಂಕಕ್ಕೆ ಎಂದು ಬರೆಸಿಕೊಳ್ಳದೆ ಮುಂದೆ ಹೋಗಬೇಡ. ಹೂಡಿಕೆಯ ಸುತ್ತಿನ ಬೆಲೆಯನ್ನೇ ಕಂಪನಿಯ ಮೌಲ್ಯವೆಂದು ಒಪ್ಪಿಸಲು ಬರುವವರೂ ಸಿಗುತ್ತಾರೆ. ನಮ್ಮೂರಿನ ಬೈಜೂಸ್ 2022ರಲ್ಲಿ 22 ಬಿಲಿಯನ್ ಡಾಲರಿನ ಕಂಪನಿ ಎನಿಸಿಕೊಂಡಿತ್ತು. ಅದರ ದೊಡ್ಡ ಹೂಡಿಕೆದಾರರಲ್ಲೊಬ್ಬರಾದ ಪ್ರೋಸಸ್ 2024ರಲ್ಲಿ ತನ್ನ ಪಾಲನ್ನು ಸೊನ್ನೆಗೆ ಬರೆದುಕೊಂಡಿತು. ಸುತ್ತಿನ ಕೊನೆಯ ಷೇರಿನ ಬೆಲೆಯನ್ನು ಎಲ್ಲ ಷೇರುಗಳಿಗೂ ಗುಣಿಸಿದರೆ ಬರುವುದು ಪತ್ರಿಕೆಯ ತಲೆಬರಹ. ಆ ಕೊನೆಯ ಷೇರಿಗೆ ಯಾವ ವಿಶೇಷ ಹಕ್ಕುಗಳಿವೆ, ಮಿಕ್ಕವಕ್ಕೆ ಯಾಕಿಲ್ಲ ಎಂದು ಬಿಡಿಸಿ ಹೇಳಬೇಕಾದವನು ನೀನು.

ಕೊನೆಯದಾಗಿ ವರದಿಯ ಹಿಂದಿನ ಪುಟಗಳ ವಿಷಯ. ಆಡಳಿತ ಮಂಡಳಿ ಕೊಟ್ಟ ಅಂಕಿಗಳನ್ನು ನಾವು ಪರಿಶೀಲಿಸಿಲ್ಲ, ಯಾವ ಹೊಣೆಯೂ ನಮ್ಮದಲ್ಲ ಎಂದು ನಾಲ್ಕು ಪುಟ ತುಂಬಿಸುವುದು ಹಳೆಯ ಚಾಳಿ, ದೊಡ್ಡ ಕಚೇರಿಗಳಲ್ಲೂ ಇದೆ. 2017ರ ನಿಯಮಗಳು ವರದಿಯಲ್ಲಿ ಏನೇನಿರಬೇಕೆಂದು ಹೇಳುವಾಗ ಮಿತಿಗಳನ್ನು ಬರೆಯಲು ಅವಕಾಶ ಕೊಡುತ್ತವೆ, ಜೊತೆಗೆ ಒಂದು ಗೆರೆ ಎಳೆಯುತ್ತವೆ: ನೀನು ಎದುರಿಸಿದ ಮಿತಿ ಯಾವುದೆಂದು ವಿವರಿಸಬಹುದು, ವರದಿಯ ಹೊಣೆಯಿಂದ ಜಾರಿಕೊಳ್ಳಲು ಅದನ್ನು ಬಳಸುವಂತಿಲ್ಲ. ಕಾರ್ಖಾನೆಯ ಭೇಟಿಗೆ ಬಿಡಲಿಲ್ಲವೇ, ಹಾಗೆಂದು ದಿನಾಂಕದ ಸಮೇತ ಬರೆ. ಮುನ್ನಂದಾಜನ್ನು ಹಿಂದಿನ ವರ್ಷಗಳ ಲೆಕ್ಕದ ಜೊತೆ ಹೋಲಿಸಿ ನೋಡಿದೆಯಾ, ಎಷ್ಟು ತಾಳೆಯಾಯಿತೆಂದು ಬರೆ. ಶುಲ್ಕವನ್ನು ಮೊದಲ ಪತ್ರದಲ್ಲೇ ನಿಗದಿ ಮಾಡಿಕೊ. ಕರಡು ಅಂಕಿ ತೋರಿಸುವ ಮುಂಚೆ ಶುಲ್ಕದ ಬಹುಪಾಲು ಕೈಸೇರುವ ಹಾಗೆ ನೋಡಿಕೊ. ಅಂಕಿ ನೋಡಿದ ಮೇಲೆ ಹಣದ ಮಾತಾಡುವ ಕಕ್ಷಿದಾರ ಮಾತಾಡುವುದು ಅಂಕಿಯ ಬಗ್ಗೆಯೇ.

ಇಂತಿ,
ನಿನ್ನ ಹಿರಿಯ ಸಹವೃತ್ತಿಗ