ತಪ್ಪು ಹೊರಿಸುವ ಮೊದಲು ತಪ್ಪು ಹುಡುಕೋಣ
(ಕಂಪ್ಯೂಟರ್ ಲ್ಯಾಬ್‌ನಿಂದ ಒಂದು ಪಾಠ)



ನಮ್ಮ ಕಂಪ್ಯೂಟರ್ ಲ್ಯಾಬ್‌ನ ಮೂಲೆಯಲ್ಲಿ ‘ಸರ್ವರ್’ ಎಂದು ಚೀಟಿ ಅಂಟಿಸಿದ ಒಂದು ಹಳೆಯ ಕಂಪ್ಯೂಟರ್ ಇದೆ. ನೋಡಲು ಉಳಿದವುಗಳಂತೆಯೇ ಇದೆ. ಆದರೆ ನೀವು ಪ್ರಾಜೆಕ್ಟ್ ಫೈಲ್ ಸೇರಿಸುವ ಪುಟ, ಅಭ್ಯಾಸದ ಪ್ರಶ್ನೆಗಳು, ಡೇಟಾಬೇಸ್ ಎಲ್ಲವೂ ನಡೆಯುವುದು ಅದರ ಮೇಲೆಯೇ. ಹೋದ ವರ್ಷ ಒಂದು ಶುಕ್ರವಾರ ಅದು ಕೈಕೊಟ್ಟಿತು. ಆ ದಿನ ನಾನು ಎರಡು ತಪ್ಪು ಮಾಡಿದೆ. ಆ ಎರಡು ತಪ್ಪುಗಳಿಂದಲೇ ಈ ಪಾಠವನ್ನು ಶುರು ಮಾಡುತ್ತೇನೆ.

ಆ ದಿನ ಏನಾಯಿತು?

ಜುಮಾ ಬಿಡುವು ಮುಗಿಸಿ ಲ್ಯಾಬ್‌ಗೆ ಬಂದೆ. ಪ್ರಾಜೆಕ್ಟ್ ಒಪ್ಪಿಸಲು ಸೋಮವಾರ ಕೊನೆಯ ದಿನ. “ಸರ್, ಸರ್ವರ್ ಹೋಗಿದೆ” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಯಾವ ಕಂಪ್ಯೂಟರ್‌ನಲ್ಲಿ ನೋಡಿದರೂ ‘500 ಇಂಟರ್ನಲ್ ಸರ್ವರ್ ಎರರ್’ ಎಂದೇ ಬರುತ್ತಿತ್ತು. ಅದೇ ಹೊತ್ತಿಗೆ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಸರ್ವರ್ ಮೇಜಿನ ಹಿಂದೆ ಬಗ್ಗಿ ನೆಟ್‌ವರ್ಕ್ ಕೇಬಲ್ ಹಿಡಿದುಕೊಂಡಿದ್ದ.

“ಅದನ್ನ ಮುಟ್ಟೋಕೆ ನಿನಗೆ ಯಾರಪ್ಪಾ ಹೇಳಿದ್ದು?” ಎಂದು ಗದರಿದೆ. “ಇಲ್ಲ ಸರ್, ಕುರ್ಚಿ ಕಾಲಿಗೆ ಸಿಕ್ಕಿಕೊಳ್ತಿತ್ತು, ಪಕ್ಕಕ್ಕೆ ಸರಿಸ್ತಿದ್ದೆ ಅಷ್ಟೇ” ಎಂದ. ನಾನು ಕೇಳಲಿಲ್ಲ. ಅವನನ್ನು ಹೊರಗೆ ಕಳಿಸಿದೆ. ಇದು ಮೊದಲ ತಪ್ಪು.

ನಂತರ ಸರ್ವರ್ ಅನ್ನು ಆಫ್ ಮಾಡಿ ಆನ್ ಮಾಡಿದೆ. ಸರಿಹೋಗಲಿಲ್ಲ. ಆ ಪುಟ ಒಂದು ಕಂಟೇನರ್‌ನಲ್ಲಿ ನಡೆಯುತ್ತಿತ್ತು. ಅವಸರದಲ್ಲಿ ಆ ಕಂಟೇನರನ್ನೇ ಅಳಿಸಿ ಹೊಸದನ್ನು ಶುರು ಮಾಡಿದೆ. ಪುಟ ತಟ್ಟನೆ ತೆರೆಯಿತು. “ನೋಡಿ, ಸರಿಯಾಯ್ತು” ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಾವು ಹಾಕಿದ್ದ ಫೈಲ್ ಒಂದೂ ಕಾಣ್ತಿಲ್ಲ.” ಇದು ಎರಡನೆಯ ತಪ್ಪು.

ಹದಿನಾಲ್ಕು ಮಂದಿಯ ಪ್ರಾಜೆಕ್ಟ್ ಫೈಲುಗಳು ಹೋಗಿದ್ದವು. ಒಂಬತ್ತು ಮಂದಿಯ ಹತ್ತಿರ ಪೆನ್ ಡ್ರೈವ್‌ನಲ್ಲಿ ಪ್ರತಿ ಇತ್ತು. ಉಳಿದ ಐದು ಮಂದಿ ಮತ್ತೆ ಮೊದಲಿಂದ ಟೈಪ್ ಮಾಡಬೇಕಾಯಿತು.

ಸರ್ವರ್ ಕೆಟ್ಟಾಗ ಏನು ಮಾಡಬೇಕು ಎಂಬುದನ್ನು ಆಮೇಲೆ ನಾನು ಕ್ರಮವಾಗಿ ಬರೆದಿಟ್ಟುಕೊಂಡೆ. ಕೇಬಲ್‌ನಿಂದ ಆರಂಭಿಸಿ ಒಳಕ್ಕೆ ಹೋಗುತ್ತಾ, ಒಂದೊಂದೇ ಪ್ರಶ್ನೆ ಕೇಳುವುದು. ಆದೇಶಗಳನ್ನು ಲ್ಯಾಬ್‌ನಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆಯೇ ಇಲ್ಲಿ ಬರೆದಿದ್ದೇನೆ.

1. ತೊಂದರೆ ಯಾರಿಗೆ, ಯಾವಾಗಿನಿಂದ?

ಒಂದೇ ಕಂಪ್ಯೂಟರ್‌ಗೆ ತೊಂದರೆಯಾದರೆ ಆ ಕಂಪ್ಯೂಟರ್ ಅಥವಾ ಅದರ ಕೇಬಲ್ ನೋಡಬೇಕು. ಒಂದು ಸಾಲಿಗೆ ಪೂರ್ತಿ ತೊಂದರೆಯಾದರೆ ಆ ಸಾಲಿನ ಸ್ವಿಚ್ ನೋಡಬೇಕು. ಎಲ್ಲರಿಗೂ ಆಗಿದ್ದರೆ ಸರ್ವರ್ ಅಥವಾ ಮುಖ್ಯ ಸ್ವಿಚ್. ಯಾವಾಗಿನಿಂದ ಹೀಗಾಗಿದೆ, ಅದಕ್ಕೂ ಮೊದಲು ಯಾರು ಏನನ್ನು ಬದಲಾಯಿಸಿದರು ಎಂದೂ ಕೇಳಬೇಕು. ಇದನ್ನು ಬೈಯುವ ದನಿಯಲ್ಲಿ ಕೇಳಿದರೆ ನಿಜ ಹೇಳಬೇಕಾದವರು ಸುಮ್ಮನಾಗುತ್ತಾರೆ.

2. ದಾರಿ ಇದೆಯೇ?

ಕೇಬಲ್ ಸೇರುವ ಜಾಗದಲ್ಲಿ ಚಿಕ್ಕ ದೀಪ ಉರಿಯುತ್ತಿದೆಯೇ ನೋಡಿ. ನಂತರ ಐಪಿ ವಿಳಾಸ ನೋಡಿ. ನಮ್ಮ ಲ್ಯಾಬ್‌ನಲ್ಲಿ ಅದು 192.168 ಎಂದು ಶುರುವಾಗಬೇಕು. 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದೆ ಕಂಪ್ಯೂಟರ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ.

ಆಮೇಲೆ ‘ಪಿಂಗ್’ ಮಾಡಿ. 1983ರಲ್ಲಿ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಂ ಇಂದಿಗೂ ನಮ್ಮ ಮೊದಲ ಸಾಧನ. ಮೊದಲು ರೂಟರ್‌ಗೆ, ನಂತರ ಸರ್ವರ್‌ಗೆ, ಕೊನೆಗೆ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ. ಎಲ್ಲಿ ಉತ್ತರ ನಿಲ್ಲುತ್ತದೋ ಅಲ್ಲಿಂದ ಹುಡುಕಾಟ ಶುರು. ಒಂದು ಎಚ್ಚರಿಕೆ: ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರಿಸದಂತೆ ಹೊಂದಿಸಲ್ಪಟ್ಟಿರುತ್ತವೆ. ಆದ್ದರಿಂದ ಉತ್ತರ ಬಂದರೆ ದಾರಿ ಇದೆ ಎಂಬುದು ಖಚಿತ, ಬರದಿದ್ದರೆ ದಾರಿ ಇಲ್ಲವೆಂಬುದು ಖಚಿತವಲ್ಲ.

3. ಹೆಸರು ಮತ್ತು ಗಡಿಯಾರ ಸರಿಯಿವೆಯೇ?

ಅಂಕಿಯ ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಆದರೆ ಹೆಸರು ಟೈಪ್ ಮಾಡಿದರೆ ಪುಟ ಸಿಗುವುದಿಲ್ಲ. ಹಾಗಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕಡೆ ನೋಡಿ. ‘ಎನ್‌ಎಸ್‌ಲುಕಪ್’ ಆದೇಶ ಕೊಟ್ಟರೆ ಗೊತ್ತಾಗುತ್ತದೆ.

ಎಲ್ಲ ಜಾಲತಾಣಗಳೂ ‘ಸುರಕ್ಷಿತವಲ್ಲ’ ಎಂದು ತೋರಿಸಿದರೆ ಮೊದಲು ಕಂಪ್ಯೂಟರ್‌ನ ದಿನಾಂಕ ನೋಡಿ. ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಜಾಲತಾಣದ ಪ್ರಮಾಣಪತ್ರಕ್ಕೆ ಶುರುವಾಗುವ ಮತ್ತು ಮುಗಿಯುವ ದಿನಾಂಕಗಳಿರುತ್ತವೆ. ನಮ್ಮ ಗಡಿಯಾರ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ತಪ್ಪಾಗಿ ಕಾಣುತ್ತದೆ.

4. ಬಾಗಿಲು ತೆರೆದಿದೆಯೇ?

ಒಂದೇ ಸರ್ವರ್‌ನಲ್ಲಿ ಹಲವು ಬಾಗಿಲುಗಳಿರುತ್ತವೆ. ಅವೇ ಪೋರ್ಟ್‌ಗಳು. ವೆಬ್ ಪುಟಕ್ಕೆ 80 ಮತ್ತು 443, ದೂರದಿಂದ ಲಾಗಿನ್ ಆಗಲು 22, ಮೈಎಸ್‌ಕ್ಯೂಎಲ್‌ಗೆ 3306. ಇಲ್ಲಿ ಎರಡು ಸಂದೇಶಗಳ ವ್ಯತ್ಯಾಸ ಕಲಿತರೆ ಅರ್ಧ ಕೆಲಸ ಮುಗಿಯಿತು. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಬಾಗಿಲಲ್ಲಿ ಯಾರೂ ಇಲ್ಲ; ಪ್ರೋಗ್ರಾಂ ನಿಂತಿರಬಹುದು. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬಂದಿಲ್ಲ. ದಾರಿ ತಪ್ಪಿರಬಹುದು, ಯಂತ್ರ ಆಫ್ ಆಗಿರಬಹುದು ಅಥವಾ ಫೈರ್‌ವಾಲ್ ಸುಮ್ಮನೆ ತಡೆದಿರಬಹುದು.

5. ಸರ್ವರ್ ಏನು ಹೇಳುತ್ತಿದೆ?

ವೆಬ್ ಸರ್ವರ್ ಕಳುಹಿಸುವ ಅಂಕಿಗೆ ಅರ್ಥವಿದೆ. 400ರ ಸಾಲಿನದು ಕೇಳಿದವರ ಕಡೆಯ ತಪ್ಪು. 404 ಎಂದರೆ ಆ ಪುಟ ಇಲ್ಲ. 500ರ ಸಾಲಿನದು ಸರ್ವರ್ ಕಡೆಯ ತಪ್ಪು. 502 ಎಂದರೆ ಮುಂದೆ ನಿಂತ ಸರ್ವರ್‌ಗೆ ಹಿಂದಿನ ಪ್ರೋಗ್ರಾಂನಿಂದ ಸರಿಯಾದ ಉತ್ತರ ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಶುಕ್ರವಾರ ಪ್ರತಿಯೊಂದು ಪರದೆಯ ಮೇಲೂ 500 ಎಂದಿತ್ತು. ಆ ಉತ್ತರ ಕಳುಹಿಸಿದ್ದು ಸರ್ವರೇ. ಕೇಬಲ್ ಕಳಚಿದ್ದರೆ ಆ ಉತ್ತರ ನಮ್ಮ ತನಕ ಬರುತ್ತಲೇ ಇರಲಿಲ್ಲ. ಹುಡುಗ ನಿರಪರಾಧಿ ಎಂಬ ಸಾಕ್ಷಿ ಇಡೀ ಲ್ಯಾಬ್‌ನ ಪರದೆಗಳ ಮೇಲೆ ಬರೆದಿತ್ತು. ನಾನು ಅದನ್ನು ನೋಡಿದೆ, ಆದರೆ ಓದಲಿಲ್ಲ.

500 ಕಂಡಾಗ ಸರ್ವರ್ ಒಳಗೆ ಮೂರು ಸಂಗತಿ ನೋಡಬೇಕು. ‘ಡಿಎಫ್ ಮೈನಸ್ ಎಚ್’ ಎಂದರೆ ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ಎಂದು ತೋರಿಸುತ್ತದೆ. ‘ಫ್ರೀ ಮೈನಸ್ ಎಚ್’ ಮೆಮೊರಿಯ ಲೆಕ್ಕ ಕೊಡುತ್ತದೆ. ಮೂರನೆಯದು ಲಾಗ್, ಅಂದರೆ ಪ್ರೋಗ್ರಾಂ ತಾನೇ ಬರೆದುಕೊಳ್ಳುವ ದಿನಚರಿ. ಅಲ್ಲಿ ಕೊನೆಯ ಸಾಲನ್ನಷ್ಟೇ ನೋಡಬೇಡಿ. ತೊಂದರೆ ಶುರುವಾದ ಹೊತ್ತಿನ ಮೊದಲ ಎರರ್ ಹುಡುಕಿ. ಮುಂದಿನವು ಬಹಳ ಸಲ ಅದರ ಪರಿಣಾಮಗಳಷ್ಟೇ.

6. ಕಂಟೇನರ್ ಒಳಗೆ ಏನಾಗಿದೆ?

ಒಂದು ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಸಾಮಗ್ರಿಗಳನ್ನೆಲ್ಲ ಒಟ್ಟಿಗೆ ಕಟ್ಟಿ, ಉಳಿದವುಗಳಿಂದ ಬೇರ್ಪಡಿಸಿ ನಡೆಸುವುದೇ ಕಂಟೇನರ್. 2013ರಲ್ಲಿ ಬಂದ ಡಾಕರ್ ಇದನ್ನು ಎಲ್ಲರ ಕೈಗೆ ಸುಲಭವಾಗಿ ತಂದಿತು. ಇಲ್ಲಿ ಪದೇ ಪದೇ ಎದುರಾಗುವ ತೊಂದರೆಗಳು ನಾಲ್ಕು.

ಮೊದಲನೆಯದು, ಕಂಟೇನರ್ ಶುರುವಾದ ಕೂಡಲೇ ನಿಲ್ಲುವುದು. ‘ಡಾಕರ್ ಪಿಎಸ್ ಮೈನಸ್ ಎ’ ಎಂದರೆ ನಿಂತುಹೋದವೂ ಕಾಣುತ್ತವೆ, ಅವುಗಳ ಮುಂದೆ ಒಂದು ಅಂಕಿಯೂ ಇರುತ್ತದೆ. 127 ಎಂದರೆ ಓಡಿಸಬೇಕಾದ ಆದೇಶವೇ ಸಿಗಲಿಲ್ಲ. 137 ಎಂದರೆ ಬಲವಂತವಾಗಿ ನಿಲ್ಲಿಸಲಾಗಿದೆ; ಮೆಮೊರಿ ಸಾಲದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಎರಡನೆಯದು, ಕಂಟೇನರ್ ನಡೆಯುತ್ತಿದ್ದರೂ ಹೊರಗಿನಿಂದ ಪುಟ ಸಿಗದಿರುವುದು. ಒಳಗಿನ ಪೋರ್ಟ್ ಅನ್ನು ಹೊರಗಿನ ಪೋರ್ಟ್‌ಗೆ ಜೋಡಿಸಿದ್ದೇವೆಯೇ ನೋಡಬೇಕು. ಪ್ರೋಗ್ರಾಂ ಒಳಗಡೆ 127.0.0.1ರಲ್ಲಿ ಮಾತ್ರ ಕಿವಿಗೊಟ್ಟು ಕೂತಿದ್ದರೆ, ಪೋರ್ಟ್ ಜೋಡಿಸಿದರೂ ಹೊರಗಿನ ಕರೆ ಅದಕ್ಕೆ ಕೇಳಿಸದು. ಅದನ್ನು 0.0.0.0 ಎಂದು ಬದಲಿಸಬೇಕು.

ಮೂರನೆಯದು ‘ಲೋಕಲ್‌ಹೋಸ್ಟ್’ ಗೊಂದಲ. ಆ ಪದಕ್ಕೆ ‘ನಾನೇ’ ಎಂದರ್ಥ. ಕಂಟೇನರ್ ಒಳಗಿನ ಪ್ರೋಗ್ರಾಂ ಲೋಕಲ್‌ಹೋಸ್ಟ್ ಎಂದರೆ ಅದು ತನ್ನ ಕಂಟೇನರ್‌ನಲ್ಲೇ ಹುಡುಕುತ್ತದೆ. ಪಕ್ಕದ ಕಂಟೇನರ್‌ನಲ್ಲಿರುವ ಡೇಟಾಬೇಸ್ ಅದಕ್ಕೆ ಸಿಗುವುದಿಲ್ಲ. ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕ್‌ಗೆ ಸೇರಿಸಿ, ಆ ಕಂಟೇನರ್‌ನ ಹೆಸರಿನಿಂದಲೇ ಕರೆಯಬೇಕು.

ನಾಲ್ಕನೆಯದು ನನ್ನ ತಪ್ಪು. ಕಂಟೇನರ್ ಒಳಗೆ ಬರೆದದ್ದು ಪರೀಕ್ಷೆಯ ರಫ್ ಹಾಳೆಯಲ್ಲಿ ಬರೆದಂತೆ. ನಿಲ್ಲಿಸಿ ಶುರು ಮಾಡಿದರೆ ಉಳಿಯುತ್ತದೆ, ಅಳಿಸಿದರೆ ಅದರ ಜೊತೆಗೇ ಹೋಗುತ್ತದೆ. ಉಳಿಯಬೇಕಾದದ್ದನ್ನು ‘ವಾಲ್ಯೂಮ್’ ಎಂಬ ಹೊರಗಿನ ಜಾಗದಲ್ಲಿಡಬೇಕು. ನಾನು ಇಟ್ಟಿರಲಿಲ್ಲ. ಅಳಿಸುವ ಮೊದಲು ‘ಡಾಕರ್ ಸಿಪಿ’ ಎಂಬ ಒಂದು ಆದೇಶ ಕೊಟ್ಟು ಫೈಲುಗಳನ್ನು ಪೆನ್ ಡ್ರೈವ್‌ಗೆ ತೆಗೆದುಕೊಂಡಿದ್ದರೂ ಸಾಕಿತ್ತು.

ನಿಜವಾದ ಕಾರಣ

ಕಂಟೇನರ್ ಜೊತೆಗೆ ಅದರ ಲಾಗ್ ಕೂಡ ಅಳಿಸಿಹೋಗಿತ್ತು. ಹಾಗಾಗಿ ಆ ದಿನ ಕಾರಣ ತಿಳಿಯಲೇ ಇಲ್ಲ. ಕೆಲವು ವಾರ ಕಳೆದು ಪುಟ ನಿಧಾನವಾದಾಗ ಈ ಸಲ ಮೊದಲು ಡಿಸ್ಕ್ ನೋಡಿದೆ. ಅದು ತುಂಬುತ್ತಾ ಬಂದಿತ್ತು. ಜಾಗ ತಿನ್ನುತ್ತಿದ್ದದ್ದು ಕಂಟೇನರ್‌ನ ಲಾಗ್ ಫೈಲ್. ಪುಟದ ಜೊತೆಗೆ ವರದಿ ತಯಾರಿಸಲು ನಾನೇ ಬರೆದಿದ್ದ ಒಂದು ಪುಟ್ಟ ಪ್ರೋಗ್ರಾಂ, ಡೇಟಾಬೇಸನ್ನು ಲೋಕಲ್‌ಹೋಸ್ಟ್‌ನಲ್ಲಿ ಹುಡುಕುತ್ತಿತ್ತು. ಸಿಗದಿದ್ದಾಗ ಒಂದು ಎರರ್ ಬರೆದು, ಕ್ಷಣವೂ ಬಿಡುವು ಕೊಡದೆ ಮತ್ತೆ ಹುಡುಕುತ್ತಿತ್ತು. ಹಗಲು ರಾತ್ರಿ ಅದೇ ಕೆಲಸ.

ಡಾಕರ್‌ನ ಮೂಲ ಹೊಂದಾಣಿಕೆಯಲ್ಲಿ ಲಾಗ್ ಫೈಲ್‌ಗೆ ಗಾತ್ರದ ಮಿತಿ ಇರುವುದಿಲ್ಲ. ಡಿಸ್ಕ್ ತುಂಬಿದ ದಿನ ಹೊಸ ಫೈಲ್ ಬರೆಯಲು ಜಾಗವಿಲ್ಲದೆ 500 ಬಂದಿತ್ತು. ಕಂಟೇನರ್ ಅಳಿಸಿದಾಗ ಲಾಗ್ ಹೋಗಿ ಜಾಗವಾಯಿತು, ಪುಟ ತೆರೆಯಿತು. ಆದರೆ ರೋಗ ಹಾಗೆಯೇ ಉಳಿದಿತ್ತು. ಈಗ ಡೇಟಾಬೇಸ್ ವಿಳಾಸ ಸರಿಪಡಿಸಿದ್ದೇನೆ. ಲಾಗ್‌ಗೆ 10 ಎಂಬಿಯ ಮೂರು ಫೈಲ್‌ಗಳ ಮಿತಿ ಹಾಕಿದ್ದೇನೆ. ಈ ಮಿತಿ ಹೊಸದಾಗಿ ತಯಾರಿಸಿದ ಕಂಟೇನರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನೆನಪಿರಲಿ. ಫೈಲುಗಳಿಗೆ ವಾಲ್ಯೂಮ್ ಇದೆ. ಪ್ರತಿ ಸಂಜೆ ಬೇರೊಂದು ಡಿಸ್ಕ್‌ಗೆ ಪ್ರತಿಯೂ ಹೋಗುತ್ತದೆ.

ಕೇಬಲ್ ಸರಿಸಿದ ಹುಡುಗನದು ಏನೂ ತಪ್ಪಿರಲಿಲ್ಲ. ತಪ್ಪೆಲ್ಲ ನನ್ನದೇ ಆಗಿತ್ತು. ಎಲ್ಲರ ಮುಂದೆ ಗದರಿದ್ದರಿಂದ ಎಲ್ಲರ ಮುಂದೆಯೇ ಅವನ ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್” ಎಂದ. ಆ ಶನಿವಾರ ಐದು ಮಂದಿ ಮತ್ತೆ ಟೈಪ್ ಮಾಡಲು ಕೂತಾಗ ಯಾರೂ ಕರೆಯದೆಯೇ ಬಂದು, ಸಂಜೆಯ ತನಕ ಅವರ ಜೊತೆ ಕೂತಿದ್ದವನೂ ಅವನೇ. ಆಗ ನನಗೆ ನಿಜವಾದ ಕಾರಣ ಇನ್ನೂ ಗೊತ್ತಿರಲಿಲ್ಲ. ಅದು ನೆನಪಾದಾಗಲೆಲ್ಲ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ನೆನಪಿಡಲು ನಾಲ್ಕು ಮಾತು

- ಸಂದೇಶವನ್ನು ಪೂರ್ತಿ ಓದಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.
- ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡನ್ನು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.
- ಅಳಿಸುವ ಮೊದಲು ಪ್ರತಿ ತೆಗೆಯಿರಿ. ಲಾಗ್‌ನ ಪ್ರತಿಯೂ ಸೇರಿ.
- ಕಾರಣ ಕೈಗೆ ಸಿಗುವ ತನಕ ಯಾರ ಹೆಸರನ್ನೂ ಹೇಳಬೇಡಿ.

ಈ ವಾರದ ಅಭ್ಯಾಸ

ಸರ್ವರ್ ಮೇಜಿನ ಮೇಲೆ ಈಗ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಲ್ಯಾಬ್‌ನಲ್ಲಿ ಏನೇ ತೊಂದರೆ ಕಂಡರೂ ದಿನಾಂಕ, ಸಮಯ, ಪರದೆಯ ಮೇಲಿದ್ದ ಸಂದೇಶ, ನೀವು ಕೇಳಿದ ಪ್ರಶ್ನೆಗಳು ಮತ್ತು ಸಿಕ್ಕ ಉತ್ತರಗಳನ್ನು ಅದರಲ್ಲಿ ಬರೆಯಿರಿ. ‘ಯಾರಿಂದ ಆಯಿತು’ ಎಂಬ ಕಲಂ ಅದರಲ್ಲಿ ಇಲ್ಲ. ಮೊದಲ ಪುಟದಲ್ಲಿ ಆ ಶುಕ್ರವಾರದ ವಿವರವನ್ನು ನಾನೇ ಬರೆದಿದ್ದೇನೆ. ಎರಡನೆಯ ಪುಟ ನಿಮ್ಮದು.