ದೋಷ ಸಂದೇಶ ಓದಿಸುವುದು: ಜಿಡಿಬಿ ಕಟ್ಟುವ ಪಾಠದ ಅನುಭವ

ಸೂಕ್ಷ್ಮಬೋಧನೆಯಲ್ಲಿ ಶೋಧಕ ಪ್ರಶ್ನೆ ಕೌಶಲಕ್ಕಾಗಿ ನಾನು ಆರಿಸಿದ ವಿಷಯ: ಲಿನಕ್ಸ್‌ನಲ್ಲಿ ಜಿಡಿಬಿ ಡಿಬಗರನ್ನು ಮೂಲ ಸಂಕೇತದಿಂದ ಕಟ್ಟುವುದು. ಉಬುಂಟು ಗಣಕದಲ್ಲಿ ‘ಕಾನ್ಫಿಗರ್’ ಹಂತದಲ್ಲೇ ಕೆಲಸ ನಿಂತಿತು. ಜಿಎಂಪಿ, ಎಂಪಿಎಫ್‌ಆರ್ ಲೈಬ್ರರಿಗಳು ಬೇಕೆಂದು ಸಂದೇಶ ಬಂತು. “ಜಿಎಂಪಿ ಈಗಾಗಲೇ ಇದೆಯಲ್ಲ?” ಎಂದರು ಸಹಪಾಠಿಯೊಬ್ಬರು. ನಾನು ಉತ್ತರಿಸದೆ ಬೇಕಾದ ಪ್ಯಾಕೇಜುಗಳನ್ನು ಹಾಕಿ ಮುಂದೆ ಸಾಗಿದೆ. ಅವರ ಪ್ರಶ್ನೆ ಹಾಗೆಯೇ ಉಳಿಯಿತು.

ಮರುಬೋಧನೆಗೆ ಮುನ್ನ ಆ ಪ್ಯಾಕೇಜುಗಳನ್ನು ತೆಗೆದು, ಕೀಲಿಮಣೆಯನ್ನು ಅವರಿಗೇ ಕೊಟ್ಟು ಕೇಳಿದೆ: “ಗಣಕ ಯಾವುದನ್ನು ಹುಡುಕಿತು?” ‘ಕಾನ್ಫಿಗ್.ಲಾಗ್’ ಕಡತದಲ್ಲಿ ‘ಜಿಎಂಪಿ.ಎಚ್’ ಸಿಗಲಿಲ್ಲವೆಂಬ ಸಾಲನ್ನು ಅವರೇ ಕಂಡುಹಿಡಿದರು. ಪ್ರೋಗ್ರಾಂ ಓಡಲು ಲೈಬ್ರರಿ ಸಾಕು. ಕಟ್ಟಲು ಹೆಡರ್ ಕಡತಗಳೂ ಬೇಕು. ಉಬುಂಟುವಿನಲ್ಲಿ ಅವು ‘ಲಿಬ್‌ಜಿಎಂಪಿ-ಡೆವ್’, ‘ಲಿಬ್‌ಎಂಪಿಎಫ್‌ಆರ್-ಡೆವ್’ ಎಂಬ ಬೇರೆ ಪ್ಯಾಕೇಜುಗಳಲ್ಲಿವೆ.

ದೋಷ ಸಂದೇಶ ಓದಿಸುವುದಕ್ಕೆ ಇನ್ನು ಮುಂದೆ ಪಾಠಯೋಜನೆಯಲ್ಲೇ ಸಮಯ ಮೀಸಲಿಡುತ್ತೇನೆ.