ಗುಣವಾಗದ ರೋಗಿಗೆ ನೆರೆಹೊರೆಯವರ ಸೇವೆ



ನಾಟಿಯ ಕಾಲದಲ್ಲಿ ಮುಯ್ಯಾಳಾಗಿ ಹೋಗುವುದು ನಮಗೆಲ್ಲ ತಿಳಿದ ಪದ್ಧತಿ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮದುವೆಯ ಚಪ್ಪರಕ್ಕೂ, ಮನೆಯ ಮಾಡು ಹೊದಿಸುವುದಕ್ಕೂ ಹೀಗೆಯೇ ಕೈ ಕೂಡಿಸುತ್ತೇವೆ. ಆದರೆ ಒಂದು ಮನೆಯ ಬಾಗಿಲಲ್ಲಿ ಈ ಪದ್ಧತಿ ನಿಂತುಹೋಗುತ್ತದೆ. "ಇನ್ನು ಮಾಡುವಂಥದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯಲ್ಲಿ ಹೇಳಿಸಿಕೊಂಡು ಬಂದವರ ಮನೆ ಅದು. ಮೊದಲ ವಾರ ಊರಿಗೆ ಊರೇ ಬಂದು ನೋಡಿಕೊಂಡು ಹೋಗುತ್ತದೆ. ಎರಡನೆಯ ತಿಂಗಳಿಗೆ ಯಾರೂ ಇಲ್ಲ. ಒಳಗೆ ರೋಗಿ ನರಳುತ್ತಿರುತ್ತಾನೆ. ಹೊರಗೆ ಕೂಲಿ ಬಿಟ್ಟ ಹೆಂಡತಿಯೋ ಸೊಸೆಯೋ ನಿದ್ರೆಯಿಲ್ಲದೆ ಕುಳಿತಿರುತ್ತಾಳೆ. ಈ ಮನೆಗೆ ನಾವು ಏನು ಮಾಡಬಹುದೆಂಬುದೇ ಈ ಪಾಠದ ವಿಷಯ.

ಹಾಸ್ಪಿಸ್ ಎಂದರೇನು?

"ಮಾಡುವಂಥದೇನೂ ಇಲ್ಲ" ಎಂಬ ಮಾತು ಸರಿಯಲ್ಲ. ರೋಗ ಗುಣವಾಗದಿರಬಹುದು. ಆದರೆ ನೋವು, ಹುಣ್ಣು, ವಾಂತಿ, ಒಣಗಿದ ಬಾಯಿ, ನಿದ್ರೆಯಿಲ್ಲದ ರಾತ್ರಿ, ಮನಸ್ಸಿನ ಭಯ ಇವುಗಳನ್ನು ಬಹುಮಟ್ಟಿಗೆ ತಗ್ಗಿಸಬಹುದು. ಈ ಕೆಲಸಕ್ಕೆ ಉಪಶಮನ ಆರೈಕೆಯೆಂದು ಹೆಸರು. ಕೊನೆಯ ದಿನಗಳಲ್ಲಿರುವವರಿಗೆ ಇಂಥ ಆರೈಕೆ ಕೊಡುವ ಸಂಸ್ಥೆಯೇ ಹಾಸ್ಪಿಸ್.

ಇಂದಿನ ರೀತಿಯ ಹಾಸ್ಪಿಸ್ ಲಂಡನ್ನಿನಲ್ಲಿ 1967ರಲ್ಲಿ ಪ್ರಾರಂಭವಾಯಿತು. ಸ್ಥಾಪಕಿ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು ಅನಂತರ ವೈದ್ಯ ಶಿಕ್ಷಣ ಪಡೆದವರು. ನೋವು ಬಂದ ಮೇಲೆ ಔಷಧ ಕೊಡುವುದಲ್ಲ, ಬರುವ ಮೊದಲೇ ಹೊತ್ತು ಹೊತ್ತಿಗೆ ಕೊಡಬೇಕೆಂಬುದನ್ನು ಅವರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಮುಂಬಯಿಯ ಶಾಂತಿ ಆವೇದನಾ ಸದನ 1986ರಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ 1994ರಲ್ಲಿ ಸ್ಥಾಪಿತವಾಗಿ, 1999ರಿಂದ ಅಲ್ಲಿ ರೋಗಿಗಳನ್ನು ಇರಿಸಿಕೊಂಡು ಆರೈಕೆ ನಡೆಯುತ್ತಿದೆ. ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಸೇವೆ ಮಾಡುತ್ತಾರೆ.

ಕೇರಳದ ನಿದರ್ಶನ

ಆದರೆ ಪಟ್ಟಣದ ಒಂದು ಕಟ್ಟಡ ಎಷ್ಟು ಹಳ್ಳಿಗಳಿಗೆ ಸಾಕಾದೀತು? ಈ ಪ್ರಶ್ನೆಗೆ ನೆರೆಯ ಕೇರಳದವರು ಉತ್ತರ ಕಂಡುಕೊಂಡರು. ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ನಿವಾರಣೆಯ ಒಂದು ಸಂಘ ಕಟ್ಟಿದರು. ಕ್ರಮೇಣ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಊರಿನ ಜನರೇ ಮುಂದೆ ಬಂದರು. ವಾರಕ್ಕೆ ಕನಿಷ್ಠ 2 ಗಂಟೆ ಬಿಡುವು ಮಾಡಿಕೊಳ್ಳಬಲ್ಲವರನ್ನು ಆರಿಸಿ, 16 ಗಂಟೆಯ ಪಾಠವನ್ನೂ 4 ದಿನಗಳ ರೋಗಿಸೇವೆಯ ಅಭ್ಯಾಸವನ್ನೂ ಕೊಡಿಸಿದರು. ಇವರು ಮನೆ ಮನೆಗೆ ಹೋಗಿ ರೋಗಿಗಳನ್ನು ಗುರುತಿಸಿದರು. ವೈದ್ಯರೂ ದಾದಿಯರೂ ಇವರ ಬೆನ್ನಿಗೆ ನಿಂತರು. ಖರ್ಚಿನ ಹೆಚ್ಚು ಭಾಗ ಊರಿನವರ ಸಣ್ಣ ಸಣ್ಣ ಕಾಣಿಕೆಗಳಿಂದಲೇ ಕೂಡಿತು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಅಲ್ಲಿಯ ಪಂಚಾಯಿತಿಗಳೂ ಈ ಕೆಲಸಕ್ಕೆ ಹೆಗಲು ಕೊಟ್ಟವು.

ಸೇವಕನು ಮಾಡತಕ್ಕ ಕೆಲಸ

1. ಕೇಳುವುದು: ರೋಗಿಯ ಬಳಿ ಕುಳಿತು, ಅವರಿಗೆ ಹೇಳಬೇಕೆನಿಸಿದ್ದನ್ನು ಕೇಳಿರಿ. ಮಾತು ಬೇಡವಾದರೆ ಸುಮ್ಮನೆ ಜೊತೆಗಿರಿ. ಉಪದೇಶ ಬೇಡ.

2. ಮಗ್ಗುಲು ಬದಲಿಸುವುದು: ಹೊಲದಲ್ಲಿ ಕುಂಬಳಕಾಯಿ ನೆಲಕ್ಕೆ ಒತ್ತಿದ ಕಡೆಯೇ ಮೊದಲು ಕೊಳೆಯುವುದನ್ನು ನೀವು ಕಂಡಿದ್ದೀರಿ. ಆದಕಾರಣವೇ ಅದರ ಅಡಿಗೆ ಹುಲ್ಲು ಹಾಸುತ್ತೀರಿ. ಹಾಸಿಗೆ ಹಿಡಿದ ದೇಹಕ್ಕೂ ಇದೇ ಎಚ್ಚರ ಬೇಕು. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ಭುಜದ ಮೂಳೆಗಳನ್ನು ದಿನವೂ ನೋಡಬೇಕು. ಒತ್ತಿದರೂ ಹೋಗದ ಕೆಂಪು ಕಂಡರೆ ಹುಣ್ಣು ಆರಂಭವಾಗಿದೆಯೆಂದು ತಿಳಿದು ದಾದಿಗೆ ಹೇಳಿರಿ. ಆ ಜಾಗವನ್ನು ಉಜ್ಜಕೂಡದು. ಬಟ್ಟೆಯ ಸುಕ್ಕು, ಒದ್ದೆ ಹಾಸಿಗೆ ಎರಡೂ ಹುಣ್ಣಿಗೆ ಕಾರಣ.

3. ಬಾಯಿಯ ಶುಚಿ: ಮೆತ್ತನೆಯ ಶುದ್ಧ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ತುಟಿ, ವಸಡು, ನಾಲಗೆಗಳನ್ನು ಒರೆಸಬಹುದು. ಒಣಗಿದ ಬಾಯಿಗೆ ಇದರಿಂದ ಆಗುವ ಸುಖ ದೊಡ್ಡದು.

4. ಮನೆಯವರಿಗೆ ಬಿಡುವು: ಸೊಸೆ ಸ್ನಾನ ಮಾಡಿ ಎರಡು ಗಂಟೆ ಮಲಗಲಿ, ಮಗ ಪಡಿತರ ತಂದು ಹೊಲ ನೋಡಿ ಬರಲಿ. ಅಷ್ಟು ಹೊತ್ತು ನೀವು ರೋಗಿಯ ಬಳಿ ಇರಿ. ನನ್ನ ಮಟ್ಟಿಗೆ ಇದಕ್ಕಿಂತ ಹಿರಿದಾದ ಸೇವೆಯಿಲ್ಲ.

5. ಓಡಾಟ: ಔಷಧ ತರುವುದು, ಪಿಂಚಣಿಯ ಅರ್ಜಿ ಬರೆಯುವುದು, ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ಇವೂ ಆರೈಕೆಯ ಭಾಗಗಳೇ.

ಮಾಡಕೂಡದ ಕೆಲಸ

ಸ್ವಂತ ಬುದ್ಧಿಯಿಂದ ಔಷಧ ಕೊಡಕೂಡದು, ಇರುವ ಔಷಧವನ್ನು ನಿಲ್ಲಿಸಲೂಕೂಡದು. ನುಂಗಲಾರದವರ ಬಾಯಿಗೆ ನೀರು, ಹಾಲು ಹೊಯ್ಯಕೂಡದು. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಹಸಿವಿಲ್ಲದವರಿಗೆ ಬಲವಂತವಾಗಿ ತಿನ್ನಿಸಬೇಡಿರಿ. ಕೊನೆಯ ದಿನಗಳಲ್ಲಿ ಹಸಿವು ಅಡಗುವುದು ಸಹಜ. ಅದು ಮನೆಯವರ ತಪ್ಪಲ್ಲವೆಂದು ಅವರಿಗೆ ತಿಳಿಹೇಳಿರಿ. "ಬೇಗ ವಾಸಿಯಾಗುತ್ತದೆ" ಎಂಬ ಸುಳ್ಳು ಭರವಸೆ ಬೇಡ. ಆ ಮನೆಯಲ್ಲಿ ಕಂಡದ್ದು ಕೇಳಿದ್ದು ಅರಳಿಕಟ್ಟೆಗೆ ಬರಕೂಡದು. ಒಮ್ಮೆ ಬಂದರೆ ಮರುದಿನ ಆ ಬಾಗಿಲು ನಿಮಗೆ ತೆರೆಯಲಾರದು.

ನೋವಿನ ಔಷಧದ ವಿಷಯ

ಕ್ಯಾನ್ಸರಿನ ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಕೊಡುವುದುಂಟು. ಇದು ಅಫೀಮಿನಿಂದ ಬಂದದ್ದೆಂದು ಜನ ಹೆದರುತ್ತಾರೆ. 1985ರ ಮಾದಕ ವಸ್ತುಗಳ ಕಾಯಿದೆಯ ಕಟ್ಟುಪಾಡುಗಳಿಂದ ಅದು ರೋಗಿಗಳಿಗೂ ದುರ್ಲಭವಾಗಿತ್ತು. 2014ರಲ್ಲಿ ಕಾಯಿದೆಯನ್ನು ತಿದ್ದಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ಅದು ಸುಲಭವಾಗಿ ಸಿಗುವಂತೆ ಮಾಡಲಾಯಿತು. ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗೆಂದು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಚಟ ಹತ್ತುವುದು ಅಪರೂಪ. ಮಲಬದ್ಧತೆ ಮಾತ್ರ ಸಾಮಾನ್ಯ. ಅದಕ್ಕೂ ಜೊತೆಯಲ್ಲೇ ಔಷಧ ಬರೆದುಕೊಡುತ್ತಾರೆ. ಮಾತ್ರೆಯನ್ನು ಗಡಿಯಾರ ನೋಡಿ ಹೇಳಿದ ಹೊತ್ತಿಗೆ ಕೊಡಬೇಕು. "ನೋವು ತಡೆಯಲಾಗದಾಗ ಕೊಡೋಣ" ಎಂದು ಕೂಡಿಡಬಾರದು. ಮಕ್ಕಳ ಕೈಗೆ ಸಿಗದಂತೆ ಭದ್ರವಾಗಿಡಬೇಕು. ರೋಗಿಗೆ ವಿಪರೀತ ಮಂಪರು ಬಂದರೆ, ಉಸಿರು ತೀರ ನಿಧಾನವಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ನಿಮ್ಮ ಊರಿನಲ್ಲಿ ಪ್ರಾರಂಭಿಸುವ ಬಗೆ

ಕಟ್ಟಡ ಬೇಡ, ದೊಡ್ಡ ಹಣವೂ ಬೇಡ. ಯುವಕ ಸಂಘ, ಮಹಿಳಾ ಸಂಘಗಳಿಂದ ಐದಾರು ಮಂದಿ ಸೇರಿರಿ. ಸ್ತ್ರೀ ರೋಗಿಗಳ ಸೇವೆಗೆ ಹೆಂಗಸರು ಇರಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ತರಬೇತಿ ಎಲ್ಲಿ ದೊರೆಯುವುದು, ಜಿಲ್ಲಾ ಆಸ್ಪತ್ರೆಯಲ್ಲಿ ಉಪಶಮನ ಆರೈಕೆಯ ವಿಭಾಗವಿದೆಯೇ ಎಂದು ವಿಚಾರಿಸಿರಿ. ತರಬೇತಿಯಿಲ್ಲದೆ ರೋಗಿಯ ಮೈ ಮುಟ್ಟುವ ಕೆಲಸಕ್ಕೆ ಕೈ ಹಾಕಬೇಡಿರಿ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅವರ ಮೂಲಕ ಮನೆಯವರ ಒಪ್ಪಿಗೆ ಪಡೆದು ಹೋಗಿರಿ. ಜಾತಿ ಕೇರಿಗಳ ಭೇದವೆಣಿಸದೆ ವಾರದ ಪಾಳಿ ಹಾಕಿಕೊಳ್ಳಿರಿ. ಹೋದ ದಿನ, ಕಂಡ ತೊಂದರೆ, ದಾದಿಗೆ ಹೇಳಿದ ಸಂಗತಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.

ಒಂದು ಎಚ್ಚರಿಕೆ. ಹೋಗುತ್ತೇನೆಂದು ಹೇಳಿದ ದಿನ ತಪ್ಪದೆ ಹೋಗಿರಿ. ಹೊರಗೆ ಓಡಾಡುವ ನಮಗೆ ಎರಡು ಗಂಟೆ ಅಲ್ಪವೆನಿಸಬಹುದು. ಮಲಗಿದವರು ಅದಕ್ಕಾಗಿ ವಾರವೆಲ್ಲ ಬಾಗಿಲ ಕಡೆ ನೋಡುತ್ತಿರುತ್ತಾರೆ. ರೋಗಿ ತೀರಿಕೊಂಡ ಮೇಲೂ ಕೆಲವು ಸಲ ಆ ಮನೆಗೆ ಹೋಗಿ ಬನ್ನಿರಿ. ಉಳಿದವರಿಗೆ ಮನೆ ಬಿಕೋ ಎನ್ನುವುದು ಆಗಲೇ.

ಈ ಮುಯ್ಯಿಯನ್ನು ರೋಗಿ ತಿರುಗಿಸಲಾರ. ಆದರೆ ಸರದಿ ಎಲ್ಲರ ಮನೆಗೂ ಬರುವುದು. ಈ ವಾರವೇ ನಿಮ್ಮ ಕೇರಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ವಿಚಾರಿಸಿ, ಒಂದು ಸಂಜೆ ಹೋಗಿ ಕುಳಿತು ಬನ್ನಿರಿ.